ನೀರು ನಿಲ್ಲಿಸಿದ ಮೇಲೆ ಬದುಕಿದ ಗಿಣ್ಣುಗಿಡ

ಕ್ಯಾಂಡಲ್ ಪ್ಲಾಂಟ್ (ಮೇಣದಬತ್ತಿಯಂಥ ದಪ್ಪ ಕಾಂಡ ಗಿಣ್ಣು ಗಿಣ್ಣಾಗಿ ಬೆಳೆಯುವ ಅಲಂಕಾರದ ಗಿಡ) ಮೈಸೂರಿನಲ್ಲಿ ಎರಡನೆಯ ಮಳೆಗಾಲ ದಾಟುವುದಿಲ್ಲ ಎಂದಿದ್ದವರೇ ಈಗ ನನ್ನ ತಾರಸಿಗೆ ಬಂದು ಗಿಣ್ಣು ಕೇಳುತ್ತಾರೆ. ತಾಯಿಗಿಡಕ್ಕೆ ಇದು ಆರನೆಯ ವರ್ಷ. ಅದರ ಮಕ್ಕಳು ನಲವತ್ತರ ಹತ್ತಿರ ಕುಂಡಗಳಲ್ಲಿವೆ.

ಅದಕ್ಕೆ ಮೊದಲು ಏಳು ಗಿಡ ಕಳೆದುಕೊಂಡೆ. ಒಂದೊಂದಕ್ಕೆ ಇನ್ನೂರೈವತ್ತೋ ಮುನ್ನೂರೋ ಕೊಟ್ಟಿದ್ದೆ; ಕುಂಡ, ಔಷಧಿ ಸೇರಿ ಮೂರು ಸಾವಿರ ಮೀರಿರಬೇಕು. ಎಲ್ಲವೂ ಸತ್ತದ್ದು ಒಂದೇ ರೀತಿಯಲ್ಲಿ. ಮಾರ್ಚ್‌ನಲ್ಲಿ ಎಲೆ ಉದುರುತ್ತಿತ್ತು, ಬಾಯಾರಿದೆ ಎಂದು ನೀರು ಹಾಕುತ್ತಿದ್ದೆ. ಮೇ ಹೊತ್ತಿಗೆ ಬುಡದ ಗಿಣ್ಣು ಬೆರಳಿಟ್ಟರೆ ಅಂಬಲಿಯಂತೆ ಜಾರುತ್ತಿತ್ತು. ಮೇಲಿನ ಗಿಣ್ಣುಗಳು ಮಾತ್ರ ಬೂದಿ ಸವರಿದ ಹಸಿರಿನಲ್ಲಿ, ನೇರಳೆ ಗೆರೆಗಳ ಸಮೇತ, ಏನೂ ಆಗಿಲ್ಲವೆಂಬಂತೆ ನಿಂತಿರುತ್ತಿದ್ದವು.

ದಕ್ಷಿಣ ಆಫ್ರಿಕಾದ ಈ ಗಿಡ ತಂಪಿನಲ್ಲಿ ಬೆಳೆದು ಬಿಸಿಲುಗಾಲದಲ್ಲಿ ಮಲಗುತ್ತದೆ. ಇದು ಗೊತ್ತಿತ್ತು, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಇದಕ್ಕೆ ಭರಣಿಯೇ ಮೃತ್ಯು. ಈಗ ಶಿವರಾತ್ರಿಗೆ ಕೊನೆಯ ನೀರು. ಆಮೇಲೆ ಕುಂಡಗಳೆಲ್ಲ ಗಾಳಿಯಾಡುವ ಶೀಟಿನ ಕೆಳಗೆ ಹೋಗುತ್ತವೆ. ಗಿಣ್ಣು ತೀರಾ ಸುಕ್ಕಾದರೆ ಕುಂಡದ ಅಂಚಿಗೆ ಎರಡು ಚಮಚ, ಅಷ್ಟೇ. ಎದುರು ಮನೆಯ ಅಜ್ಜಿ, "ಏನಪ್ಪಾ, ಒಣಕಡ್ಡಿಗೆ ಕಾವಲು ಕೂತಿದ್ದೀಯಾ?" ಎಂದು ಕೇಳಿದ್ದರು. ಗಣೇಶನ ಹಬ್ಬದ ಆಸುಪಾಸಿನಲ್ಲಿ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಾಣಿಸಿತು. ಅಂದು ಮೊದಲ ನೀರು. ಕುಪ್ಪಣ್ಣ ಪಾರ್ಕಿನಲ್ಲಿ ದಸರಾ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ನನ್ನ ಗಿಡದ ತುಂಬ ಎಲೆ!

ಮಣ್ಣು ಮೂರರಲ್ಲಿ ಒಂದು ಪಾಲು ಸಾಕು. ಉಳಿದದ್ದು ಇಟ್ಟಿಗೆ ಚೂರು ಮತ್ತು ಮರಳು. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ಪುಡಿಯೆಲ್ಲ ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಇದರ ಜೊತೆ ನಾನು ಒಂದು ಹಿಡಿ ಇನ್ನೊಂದು ಪುಡಿ ಹಾಕುತ್ತೇನೆ. ಅದನ್ನು ಕಂಡುಕೊಳ್ಳಲು ಎರಡು ವರ್ಷ ಹಿಡಿದಿದೆ, ಇಲ್ಲಿ ಹೇಳಲಾರೆ.

ನಡುವೆ ಮಂಗರವಳ್ಳಿಯ ಮೇಲೆ ಕಸಿ ಕಟ್ಟಿಯೂ ನೋಡಿದೆ. ಗಿಣ್ಣಿಗೆ ಗಿಣ್ಣು ಚೆನ್ನಾಗಿಯೇ ಕೂತಿತು, ಹತ್ತು ದಿನಕ್ಕೆ ಕಪ್ಪಾಯಿತು. ಅದು ದ್ರಾಕ್ಷಿಯ ಕುಲ, ಇದು ಸೂರ್ಯಕಾಂತಿಯ ಕುಲ. ಬೆಸೆಯುವ ಮಾತೇ ಇಲ್ಲ. ಹಾಗೆಯೇ, ಇದನ್ನು ಮಂಗರವಳ್ಳಿ ಎಂದುಕೊಂಡು ಚಟ್ನಿಗೆ ಕೀಳಬೇಡಿ, ಇದು ತಿನ್ನುವ ಗಿಡವಲ್ಲ. ನೆರಳಿನಲ್ಲಿಟ್ಟ ನಾಲ್ಕು ಕುಂಡಗಳಲ್ಲಿ ಗಿಣ್ಣು ಬೆರಳಿನಂತೆ ಸಣಕಲಾಗಿ ಉದ್ದವಾಯಿತು. ಬೆಳಗಿನ ಬಿಸಿಲು ಬಿದ್ದವು ಗಿಡ್ಡವಾಗಿ, ದಪ್ಪವಾಗಿ ಉಬ್ಬಿವೆ. ನನಗೆ ಬೇಕಾದದ್ದು ಅದೇ.

ಮುರಿದ ಗಿಣ್ಣನ್ನು ಹತ್ತು ದಿನ ಒಣಗಿಸಿ, ಒಣ ಮಣ್ಣಿನ ಮೇಲೆ ನಿಲ್ಲಿಸಿದರೆ ಬೇರು ಬರುತ್ತದೆ. ಹತ್ತಕ್ಕೆ ಎಂಟೊಂಬತ್ತು ಹಿಡಿಯುತ್ತವೆ. ಒಂದಕ್ಕೆ ನೂರೈವತ್ತರಂತೆ ಕೊಟ್ಟು ಕಳೆದುಕೊಂಡ ಹಣ ವಾಪಸು ಪಡೆದಿದ್ದೇನೆ. ಬೇಸಿಗೆಯಲ್ಲಿ ಮಾತ್ರ ಯಾರಿಗೂ ಕೊಡುವುದಿಲ್ಲ. ಒಯ್ದವರು ಮನೆ ಮುಟ್ಟಿದ ಕೂಡಲೇ ನೀರು ಹಾಕುತ್ತಾರೆ.