ಉಪ್ಪುಸೊಳೆಗೂ ಗಿರಾಕಿ ಇದ್ದಾರೆ: ಪೆರ್ಲದಿಂದ ನನ್ನ ಅನುಭವ

ಕಾಸರಗೋಡಿನಿಂದ ಆನ್‌ಲೈನ್‌ನಲ್ಲಿ ಏನಾದರೂ ಮಾರಬೇಕು ಅಂತ ಹೊರಟವರಿಗೆ ಮೊದಲು ಹೊಳೆಯುವುದು ಬಾಳೆಕಾಯಿ ಚಿಪ್ಸ್. ತೆಂಗಿನೆಣ್ಣೆಯಲ್ಲಿ ಕರಿದದ್ದು, ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದನ್ನು ಇಲ್ಲಿನ ಪ್ರತಿ ಬೇಕರಿಯೂ ಮಾರುತ್ತದೆ, ಕೋಝಿಕ್ಕೋಡಿನವರೂ ಮಾರುತ್ತಾರೆ, ದೊಡ್ಡ ಕಂಪನಿಗಳೂ ಮಾರುತ್ತವೆ. ಹೊಸಬರು ಅಲ್ಲಿಗೆ ಹೋದರೆ ರೇಟು ಇಳಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಕೂತು ನಾನು ಮತ್ತು ನನ್ನ ಅತ್ತೆ ಮಾರುವುದು ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಇಷ್ಟು ಸಣ್ಣ ವಸ್ತುವಿಗೆ ಗಿರಾಕಿಗಳು ಎಲ್ಲಿಂದ ಸಿಗುತ್ತಾರೆ ಅಂತ ತುಂಬ ಜನ ಕೇಳುತ್ತಾರೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಚೆನ್ನಾಗಿ ಬೆಳೆದ, ಆದರೆ ಹಣ್ಣಾಗದ ಬಕ್ಕೆ ಹಲಸು (ಸೊಳೆ ಗಟ್ಟಿ ಇರುವ ಜಾತಿ) ಬೇಕು. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡು ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಬೇಳೆ, ಅಂದರೆ ಬೀಜ ತೆಗೆಯಬೇಕು. ಭರಣಿಯಲ್ಲಿ ಒಂದು ಪದರ ಸೊಳೆ, ಅದರ ಮೇಲೆ ಕಲ್ಲುಪ್ಪು, ಮತ್ತೆ ಸೊಳೆ. ಮೇಲಿನಿಂದ ಭಾರ ಇಟ್ಟರೆ ಸೊಳೆ ತನ್ನದೇ ನೀರು ಬಿಟ್ಟು ಅದರಲ್ಲೇ ಮುಳುಗುತ್ತದೆ. ಬೇಸಗೆಯಲ್ಲಿ ಹಾಕಿಟ್ಟದ್ದನ್ನು ಮಳೆಗಾಲದಲ್ಲಿ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಬೆಂದಿ (ಅನ್ನಕ್ಕೆ ಕಲಸುವ ಮೇಲೋಗರ) ಮಾಡಬಹುದು, ರೊಟ್ಟಿ ತಟ್ಟಬಹುದು. ಅಕ್ಕಿ, ತೆಂಗಿನಕಾಯಿ ಜೊತೆ ರುಬ್ಬಿ ಸಣ್ಣ ಸಣ್ಣ ಉಂಡೆ ಮಾಡಿ ಕರಿದರೆ ಉಂಡಲಕಾಳು. ಹೊರಗೆ ಜಡಿಮಳೆ, ಒಳಗೆ ಉಂಡಲಕಾಳು ಅಂದರೆ ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ವಿವರಿಸಬೇಕಾಗಿಲ್ಲ ಎನ್ನುವುದೇ ನಮ್ಮ ವ್ಯಾಪಾರದ ಬುಡ. ಉಪ್ಪುಸೊಳೆ ಏನು ಅಂತ ಗೊತ್ತಿಲ್ಲದವರಿಗೆ ಅದನ್ನು ಮಾರುವುದು ಬಹಳ ಕಷ್ಟ. ನೋಡಲು ಚೆಂದ ಇಲ್ಲ, ವಾಸನೆಯೂ ಬೇರೆ. ಗೊತ್ತಿರುವವರಿಗೆ ಮಾರುವುದು ಬಹಳ ಸುಲಭ, ಯಾಕೆಂದರೆ ಅವರು ಆಗಲೇ ಹುಡುಕುತ್ತಿರುತ್ತಾರೆ. ಸಣ್ಣ ಮಾರುಕಟ್ಟೆ ಹುಡುಕುವುದು ಅಂದರೆ ಯಾರೂ ಮಾಡದ ವಸ್ತುವನ್ನು ಹುಡುಕುವುದು ಅಂತ ಕೆಲವರು ತಿಳಿದುಕೊಳ್ಳುತ್ತಾರೆ. ನಾನು ಹುಡುಕಿದ್ದು ವಸ್ತುವನ್ನಲ್ಲ. ಕೇಳುತ್ತಿದ್ದರೂ ಸಿಗದೆ ಇರುವ ಜನರನ್ನು.

ಅವರು ಮೊದಲು ಕಣ್ಣಿಗೆ ಬಿದ್ದದ್ದು ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಬೆಂಗಳೂರಿನಿಂದ ಯಾರಾದರೊಬ್ಬರು ಬರೆಯುತ್ತಿದ್ದರು: ಯಾರ ಮನೆಯಲ್ಲಿ ಉಪ್ಪುಸೊಳೆ ಇದೆ, ಈ ಕಡೆ ಬರುವವರು ಯಾರಾದರೂ ಇದ್ದಾರಾ ಅಂತ. ಅದಕ್ಕೆ ಇನ್ನೂ ನಾಲ್ಕು ಜನ 'ನನಗೂ ಬೇಕು' ಅಂತ ಸೇರಿಸುತ್ತಿದ್ದರು. ಯೂಟ್ಯೂಬ್‌ನಲ್ಲಿ ಉಂಡಲಕಾಳಿನ ವಿಡಿಯೊಗಳ ಕೆಳಗೆ ನೋಡಿದರೂ ಅದೇ ಪ್ರಶ್ನೆ: ಸೊಳೆ ಎಲ್ಲಿ ಸಿಗುತ್ತದೆ? ಗೂಗಲ್‌ನಲ್ಲಿ ಹುಡುಕಿದರೆ ಪಾಕವಿಧಾನ ಎಷ್ಟು ಬೇಕಾದರೂ ಸಿಗುತ್ತಿತ್ತು, ಮಾರುವವರು ಮಾತ್ರ ಅಪರೂಪ. ಕೇಳುವವರು ಇದ್ದಾರೆ, ಕೊಡುವವರು ಕಡಿಮೆ, ಮರದಡಿಯಲ್ಲಿ ಹಲಸು ಬಿದ್ದು ಕೊಳೆಯುತ್ತಿದೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಆದರೂ ನಮ್ಮ ಊರಿನ ಎಷ್ಟೋ ತೋಟಗಳಲ್ಲಿ ಅದನ್ನು ಕೊಯ್ಯುವವರೇ ಇಲ್ಲ.

ಜಾಹೀರಾತಿನ ವಿಷಯಕ್ಕೆ ಬಂದಾಗ ಪೇಟೆಯಲ್ಲಿ ಒಬ್ಬರು ಸಲಹೆ ಕೊಟ್ಟರು: ಕೇರಳದಲ್ಲಿದ್ದೀರಿ, ಮಲಯಾಳದಲ್ಲಿ ಮಾಡಿ, ಕಾಸರಗೋಡು, ಕಣ್ಣೂರು ಜಿಲ್ಲೆಗಳಿಗೆ ತೋರಿಸಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇಲ್ಲಿ ಇರುವವರಿಗೆ ಉಪ್ಪುಸೊಳೆ ಯಾಕೆ ಬೇಕು? ಅವರ ಮನೆಯಲ್ಲೇ ಭರಣಿ ಇದೆ, ಇಲ್ಲದಿದ್ದರೆ ನೆರೆಮನೆಯಲ್ಲಿ ಇದೆ. ಬೇಕಾಗಿರುವುದು ಊರು ಬಿಟ್ಟು ಹೋದವರಿಗೆ. ಅದಕ್ಕೆ ಜಾಹೀರಾತನ್ನು ಬೆಂಗಳೂರು, ಮೈಸೂರುಗಳಿಗೆ ಮಾತ್ರ ತೋರಿಸಿದೆ. ಬೆಂಗಳೂರಲ್ಲಿ ನಮ್ಮ ಕಡೆಯವರು ಜಾಸ್ತಿ ಇರುವ ಬಡಾವಣೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದೆ. ಚಿತ್ರದಲ್ಲಿ ಬೆಲೆ ಇಲ್ಲ, ರಿಯಾಯಿತಿ ಇಲ್ಲ. ಭರಣಿ, ಅತ್ತೆಯ ಕೈ, ಕನ್ನಡದಲ್ಲಿ ಒಂದೇ ಸಾಲು: 'ಪೆರ್ಲದ ಉಪ್ಪುಸೊಳೆ, ಬೆಂಗಳೂರಿಗೆ ಬರುತ್ತದೆ.' ಗೊತ್ತಿಲ್ಲದವರು ಸುಮ್ನೆ ದಾಟಿ ಹೋಗುತ್ತಾರೆ. ಗೊತ್ತಿರುವವರ ಬೆರಳು ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ಜನ ತಾವೇ ಬೇರ್ಪಟ್ಟರೆ ದುಡ್ಡು ಪೋಲಾಗುವುದಿಲ್ಲ.

ಹೆಸರಿನ ವಿಷಯಕ್ಕೂ ಸ್ವಲ್ಪ ಗಮನ ಕೊಟ್ಟೆ. ತುಳು ಮಾತಾಡುವ ಮನೆಗಳಲ್ಲಿ ಇದು ಉಪ್ಪಡ್ ಪಚ್ಚಿಲ್. ಬಹಳ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುತ್ತಾರೆ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಗೂಗಲ್‌ನಲ್ಲಿ ಎರಡು ಅಕ್ಷರ ಹೊಡೆದಾಗ ಕೆಳಗೆ ಬರುವ ಸೂಚನೆಗಳನ್ನೆಲ್ಲ ಬರೆದಿಟ್ಟುಕೊಂಡು ವಿವರಣೆಯಲ್ಲಿ, ವಿಡಿಯೊದ ಶೀರ್ಷಿಕೆಗಳಲ್ಲಿ ಸೇರಿಸಿದೆ. ದುಡ್ಡಿಲ್ಲದ ಕೆಲಸ, ಈಗಲೂ ಗಿರಾಕಿ ತರುತ್ತಿದೆ.

ವಾಟ್ಸಾಪ್ ಬಿಸಿನೆಸ್ ನಮ್ಮ ಅಂಗಡಿ. ವೆಬ್‌ಸೈಟ್ ಇಲ್ಲ, ಬೇಕು ಅಂತ ಅನಿಸಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ವಸ್ತುಗಳಿವೆ, ಗಿರಾಕಿಗಳಿಗೆ ಲೇಬಲ್ ಹಾಕಿಟ್ಟಿದ್ದೇನೆ: ಮನೆಯವರು, ಅಡಿಗೆಯವರು, ಗಲ್ಫಿಗೆ ಒಯ್ಯುವವರು. ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ಅದಕ್ಕಿಂತ ಮುಖ್ಯ ಏನೆಂದರೆ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇದು ತೊಂದರೆ ಅಂತ ಹಲವರು ಹೇಳುತ್ತಾರೆ. ನನಗೆ ಇದೇ ಅನುಕೂಲ. ನಂಬರ್ ಸೇವ್ ಮಾಡುವಷ್ಟು ಆಸೆ ಇದ್ದವರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತಾರೆ. ಮೊದಲ ಪೊಟ್ಟಣದಲ್ಲೇ ಒಂದು ಚೀಟಿ ಇಡುತ್ತೇನೆ, ಹೊಸ ಸೊಳೆ ಬಂದಾಗ ತಿಳಿಯಬೇಕಾದರೆ ನಂಬರ್ ಸೇವ್ ಮಾಡಿ ಅಂತ. ಸುಮ್ನೆ ಗುಡ್ ಮಾರ್ನಿಂಗ್ ಯಾವತ್ತೂ ಕಳಿಸುವುದಿಲ್ಲ.

ಇನ್ನು ಕಾಗದಪತ್ರ. ಗಡಿಯಲ್ಲಿ ಇರುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನಮಗೆ ಮಂಗಳೂರು ನಮ್ಮದೇ ಪೇಟೆ. ಆಸ್ಪತ್ರೆಗೆ ಅಲ್ಲಿಗೇ, ಕಾಲೇಜಿಗೆ ಅಲ್ಲಿಗೇ. ಆದರೆ ತಲಪಾಡಿ ದಾಟಿದ ಕೂಡಲೇ ಅದು ಬೇರೆ ರಾಜ್ಯ. ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ವಹಿವಾಟು ಒಂದು ಮಿತಿಯೊಳಗಿದ್ದರೆ ನೋಂದಣಿ ಬೇಡ ಎನ್ನುವ ಸೌಲಭ್ಯ ಕರ್ನಾಟಕದ ಪುತ್ತೂರಿನಲ್ಲಿ ಕೂತು ಬೆಂಗಳೂರಿಗೆ ಕಳಿಸುವವರಿಗೆ ಇದೆ, ಪೆರ್ಲದಲ್ಲಿ ಕೂತು ಕಳಿಸುವವರಿಗೆ ಇಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಲೆಕ್ಕ ನೋಡುವವರ ಹತ್ತಿರ ಕೂತು, ಒಂದೊಂದು ವಸ್ತುವನ್ನೂ ಕೇಳಿಕೊಂಡು ನೋಂದಣಿ ಮಾಡಿಸಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸುಲಭ. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರ್ ಪೊಟ್ಟಣದ ಮೇಲೆ ಇರಬೇಕು. ಲೇಬಲ್‌ನಲ್ಲಿ ಇಂಗ್ಲಿಷ್ ಅಥವಾ ಹಿಂದಿ ಕಡ್ಡಾಯ, ಜೊತೆಗೆ ನಮ್ಮ ಭಾಷೆಯನ್ನೂ ಹಾಕಬಹುದು. ನಾವು ಕನ್ನಡವನ್ನು ದೊಡ್ಡದಾಗಿ ಹಾಕಿದ್ದೇವೆ. ಕಾಸರಗೋಡಿನ ಪೊಟ್ಟಣದ ಮೇಲೆ ಕನ್ನಡ ನೋಡಿ ಖುಷಿಪಟ್ಟು ಫೋಟೊ ಕಳಿಸಿದವರಿದ್ದಾರೆ. ನನಗೂ ಅದು ವ್ಯಾಪಾರಕ್ಕಿಂತ ದೊಡ್ಡ ಸಂಗತಿಯೇ.

ಕಳಿಸುವ ಕೆಲಸದಲ್ಲಿ ಎರಡು ವಿಷಯ ಗಮನಿಸಬೇಕು. ಉಪ್ಪುನೀರು ಸೋರಿದರೆ ಕೊರಿಯರ್‌ನವರು ಪಾರ್ಸೆಲ್ ಮುಟ್ಟುವುದಿಲ್ಲ. ಅದಕ್ಕೆ ಸೊಳೆಯನ್ನು ಹಿಂಡಿ, ಮೇಲಿಂದ ಒಣ ಉಪ್ಪು ಉದುರಿಸಿ, ಎರಡು ಪದರದ ಚೀಲದಲ್ಲಿ ಸೀಲ್ ಮಾಡುತ್ತೇವೆ. ಎರಡನೆಯದು ತೂಕ. ಸೊಳೆ ಭಾರ, ಬೆಲೆ ಕಡಿಮೆ, ಕಳಿಸುವ ಖರ್ಚು ಜಾಸ್ತಿ. ಅರ್ಧ ಕಿಲೋ ಸೊಳೆಗೆ ಕೊರಿಯರ್ ಖರ್ಚು ಕೇಳಿದರೆ ಯಾರಿಗಾದರೂ ಬೇಡ ಅನಿಸುತ್ತದೆ. ಅದಕ್ಕೆ ಪೊಟ್ಟಣ ಚಿಕ್ಕದು, ಆರ್ಡರ್ ದೊಡ್ಡದು ಅಂತ ಮಾಡಿದೆ. ಕಾಲು ಕಿಲೋದ ಪೊಟ್ಟಣ, ಆದರೆ ಒಟ್ಟು ಎರಡು ಕಿಲೋ ಆದರೆ ಮಾತ್ರ ಕಳಿಸುವುದು. ಉಳಿದ ತೂಕಕ್ಕೆ ಜನ ಹಪ್ಪಳ ಸೇರಿಸಿದರು, ಅಥವಾ ಅಕ್ಕಪಕ್ಕದ ಫ್ಲಾಟ್‌ನವರನ್ನು ಕೇಳಿ ಒಟ್ಟಿಗೆ ತರಿಸಿದರು. ಹೊಸ ಗಿರಾಕಿಗಳನ್ನು ಹೀಗೆ ಗಿರಾಕಿಗಳೇ ತಂದರು.

ಅವರು ಏನು ಕೇಳುತ್ತಾರೆ ಅಂತ ಕಿವಿಗೊಟ್ಟದ್ದು ನನಗೆ ಜಾಹೀರಾತಿಗಿಂತ ಜಾಸ್ತಿ ಕಲಿಸಿತು. ಒಬ್ಬರು ಹಿರಿಯರು ನಮ್ಮ ಹವ್ಯಕ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದರು. "ಕೂಸೇ, ಸೊಳೆ ಲಾಯ್ಕಿದ್ದು. ಎನ್ನ ಸೊಸೆಗೆ ಇದರ ಎಷ್ಟು ಹೊತ್ತು ನೀರಿಲಿ ಹಾಕೆಕ್ಕು ಹೇಳಿ ಗೊಂತಿಲ್ಲೆ. ನೀನೇ ಒಂದರಿ ಹೇಳು." ಇಂಥ ಪ್ರಶ್ನೆ ಮತ್ತೆ ಮತ್ತೆ ಬಂತು. ಊರಲ್ಲಿ ತಿಂದು ಬೆಳೆದಿದ್ದಾರೆ, ಮಾಡಿ ಗೊತ್ತಿಲ್ಲ. ನಿಜವಾದ ಗಿರಾಕಿ ಇವರೇ ಅಂತ ಆಗ ಸ್ಪಷ್ಟವಾಯಿತು. ಅಂದಿನಿಂದ ಪೊಟ್ಟಣದ ಜೊತೆ ಅತ್ತೆ ಹೇಳಿ ಬರೆಸಿದ ಹಾಳೆ ಹೋಗುತ್ತದೆ. ನೆನೆಸುವುದು ಹೇಗೆ, ಉಪ್ಪು ಬಿಟ್ಟಿದೆಯಾ ಅಂತ ಒಂದು ಸೊಳೆ ಕಚ್ಚಿ ನೋಡುವುದು, ರುಬ್ಬುವಾಗ ಮತ್ತೆ ಉಪ್ಪು ಹಾಕಬಾರದು, ಹಿಟ್ಟು ಎಷ್ಟು ಗಟ್ಟಿ ಇರಬೇಕು, ಎಲ್ಲ ಅದರಲ್ಲಿದೆ. ಉಂಡೆ ಉರುಟಲು ಆಗದಷ್ಟು ನೀರಾದರೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ಅಂತಲೂ ಬರೆದಿದೆ. ಮೊದಲ ಸಲ ಮಾಡಿದ್ದು ಸರಿಯಾದರೆ ಎರಡನೇ ಆರ್ಡರ್ ತನ್ನಿಂತಾನೇ ಬರುತ್ತದೆ. ಈಗ ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಹಳೆಯ ಗಿರಾಕಿಗಳದ್ದೇ.

ಅಡಿಗೆಯವರದು ಬೇರೆ ಲೆಕ್ಕ. ಬೆಂಗಳೂರಿನಲ್ಲಿ ನಮ್ಮ ಕಡೆಯ ಉಪನಯನ, ಮದುವೆಗಳಿಗೆ ಅಡಿಗೆ ಮಾಡುವ ಭಟ್ಟರುಗಳಿದ್ದಾರೆ. ಅವರಿಗೆ ಫೋಟೊ ಬೇಡ, ವಿಡಿಯೊ ಬೇಡ. ಉಪ್ಪು ಪ್ರತಿ ಸಲ ಒಂದೇ ಥರ ಇರಬೇಕು, ಹೇಳಿದ ದಿನಕ್ಕೆ ತಲುಪಬೇಕು, ಅಷ್ಟೇ. ಅವರಿಗಾಗಿ ಸೊಳೆಗೂ ಉಪ್ಪಿಗೂ ತೂಕ ಹಾಕಿ ಪ್ರಮಾಣ ಗಟ್ಟಿ ಮಾಡಿಕೊಂಡೆವು. ಅತ್ತೆ ಅದುವರೆಗೆ ಕೈ ಅಂದಾಜಿನಲ್ಲೇ ಹಾಕುತ್ತಿದ್ದರು. ತಕ್ಕಡಿ ಯಾಕೆ ಅಂತ ಒಂದೆರಡು ದಿನ ಮುನಿಸಿಕೊಂಡದ್ದೂ ಆಯಿತು. ಈಗ ಅವರೇ ತೂಕ ಬರೆದಿಡುತ್ತಾರೆ.

ಬೇಡ ಅಂದ ವ್ಯಾಪಾರಗಳೂ ಇವೆ. ಎಳೆ ಹಲಸನ್ನು ಮಾಂಸದ ಬದಲಿಗೆ ಬಳಸುವವರಿಗೆ ಮಾರಬಹುದು, ಒಳ್ಳೆಯ ದುಡ್ಡು ಅಂತ ಒಬ್ಬ ವ್ಯಾಪಾರಿ ಬಂದಿದ್ದರು. ಅದು ದೊಡ್ಡ ಮಾರುಕಟ್ಟೆ ಹೌದು. ಆದರೆ ಅವರಿಗೆ ಬೇಕಾದದ್ದು ಗುಜ್ಜೆ, ಅಂದರೆ ಎಳೆ ಹಲಸು, ಉಪ್ಪಿಲ್ಲದ್ದು, ಡಬ್ಬಿಯಲ್ಲಿ ಬರುವಂಥದ್ದು. ಗಿರಾಕಿಗಳು ಬೇರೆ, ಯಂತ್ರ ಬೇರೆ, ಅವರಿಗೆ ಹೇಳಬೇಕಾದ ಮಾತೂ ಬೇರೆ. ಅದಕ್ಕೆ ಇಳಿದರೆ ಉಂಡಲಕಾಳಿಗೆ ಕಾಯುತ್ತಿರುವವರಿಗೆ ಕೊಡಲು ಸಮಯ ಇರುವುದಿಲ್ಲ. ಇದೇ ವಸ್ತುವಿಗೆ ಹೊಸ ಜನರನ್ನು ಹುಡುಕುವುದಕ್ಕಿಂತ ಇದೇ ಜನರಿಗೆ ಇನ್ನೇನು ಬೇಕು ಅಂತ ಕೇಳುವುದು ನನಗೆ ಸರಿ ಕಾಣುತ್ತದೆ. ಹಾಗೆ ಕೇಳಿದಾಗ ಬಂದದ್ದು ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿ ಮಾಡುವುದು), ಕಾಟು (ಕಾಡು) ಮಾವಿನ ಮಿಡಿ ಉಪ್ಪಿನಕಾಯಿ, ಒಣಗಿಸಿದ ಹಲಸಿನ ಬೇಳೆ. ಒಂದನ್ನೂ ನಾನಾಗಿ ಯೋಚಿಸಿ ಸೇರಿಸಿದ್ದಲ್ಲ.

ಈಗ ಮಾರ್ಚ್‌ನಲ್ಲೇ, ಹಲಸು ಬೆಳೆಯುವ ಮೊದಲೇ, ಪಟ್ಟಿಯಲ್ಲಿರುವವರಿಗೆ ಒಂದು ಸಂದೇಶ ಕಳಿಸುತ್ತೇನೆ. ಎಷ್ಟು ಕಿಲೋ ಬೇಕು ಅಂತ ಹೇಳಿ ಅರ್ಧ ದುಡ್ಡು ಮುಂಗಡ ಕಳಿಸಿದರೆ ಭರಣಿಯಲ್ಲಿ ಅವರ ಪಾಲು ಇರುತ್ತದೆ. ಆ ಮುಂಗಡದಿಂದ ಉಪ್ಪು ತರುತ್ತೇವೆ, ಮರ ಹತ್ತುವವರಿಗೆ ಕೂಲಿ ಕೊಡುತ್ತೇವೆ, ನೆರೆಮನೆಗಳಿಂದ ಬಕ್ಕೆ ಹಲಸನ್ನು ತೂಕಕ್ಕೆ ತೆಗೆದುಕೊಳ್ಳುತ್ತೇವೆ. ಮೊದಲು ಆ ಹಲಸಿಗೆ ಅವರಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಭರಣಿಗಳು ತುಂಬಿದ ಮೇಲೆ ಆರ್ಡರ್ ನಿಲ್ಲಿಸುತ್ತೇನೆ. ತಡವಾಗಿ ಕೇಳಿದವರ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲು ಬರುತ್ತದೆ.