ಹಳೇ ಕಾರಿಗೆ ಎಂಜಿನ್ ಆಯಿಲ್ ಆರಿಸುವುದು ಹೇಗೆ?

ಕಾರು ಒಂದು ಲಕ್ಷ ಕಿಲೋಮೀಟರ್ ದಾಟಿದರೆ ಸಾಕು, ಸಲಹೆಗಳು ಶುರುವಾಗುತ್ತವೆ. ‘ಎಂಜಿನ್ ಸವೆದಿರುತ್ತೆ, ಇನ್ನು ಮೇಲೆ ದಪ್ಪ ಆಯಿಲ್ ಹಾಕಿಸಿ’ ಎನ್ನುತ್ತಾರೆ ಒಬ್ಬರು. ‘ಇಷ್ಟು ಹಳೇ ಗಾಡಿಗೆ ಸಿಂಥೆಟಿಕ್ ಯಾಕೆ, ಸುಮ್ನೆ ದುಡ್ಡು ದಂಡ’ ಎನ್ನುತ್ತಾರೆ ಇನ್ನೊಬ್ಬರು. ನಿಮ್ಮ ಎಂಜಿನ್ ಹೇಗಿದೆ ಅಂತ ಇಬ್ಬರೂ ನೋಡಿರುವುದಿಲ್ಲ. ಎರಡು ಲಕ್ಷ ಓಡಿದ ಮೇಲೂ ಒಂದು ಸರ್ವೀಸ್‌ನಿಂದ ಇನ್ನೊಂದರ ತನಕ ಟಾಪ್‌ಅಪ್ ಕೇಳದ ಎಂಜಿನ್‌ಗಳಿವೆ. ಎಂಬತ್ತು ಸಾವಿರಕ್ಕೇ ಆಯಿಲ್ ಕುಡಿಯಲು ಶುರು ಮಾಡಿದವೂ ಇವೆ. ಹಾಗಾಗಿ ಕಾರಿನ ವಯಸ್ಸು ನೋಡಿ ಆಯಿಲ್ ಬದಲಿಸಬೇಡಿ. ಎಂಜಿನ್ ಎಷ್ಟು ಆಯಿಲ್ ಖರ್ಚು ಮಾಡುತ್ತಿದೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಿ. ಅದನ್ನು ತಿಳಿಯಲು ಬಾನೆಟ್ ಒಳಗಿರುವ ಡಿಪ್‌ಸ್ಟಿಕ್ಕೇ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಸಾಕು.

ಮೊದಲು ಮ್ಯಾನುಯಲ್ ತೆಗೆಯಿರಿ

ಎಲ್ಲಕ್ಕೂ ಮೊದಲು ಕಾರಿನ ಜೊತೆ ಬಂದ ಪುಸ್ತಕ ನೋಡಿ. ಅದರಲ್ಲಿ ನಿಮಗೆ ಬೇಕಾದ್ದು ಮೂರು ವಿಷಯ: ಆಯಿಲ್‌ನ ಗ್ರೇಡ್ (ಅದು ಎಷ್ಟು ದಪ್ಪ ಎಂಬ ಅಳತೆ), ಗುಣಮಟ್ಟದ ದರ್ಜೆ, ಫಿಲ್ಟರ್ ಸೇರಿ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದು. ಹಳೇ ಕಾರುಗಳ ಮ್ಯಾನುಯಲ್‌ನಲ್ಲಿ ಸಾಮಾನ್ಯವಾಗಿ ಒಂದೇ ಗ್ರೇಡ್ ಇರುವುದಿಲ್ಲ. ಹೊರಗಿನ ತಾಪಮಾನಕ್ಕೆ ತಕ್ಕಂತೆ ಮೂರು ನಾಲ್ಕು ಗ್ರೇಡ್‌ಗಳ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಈ ಪಟ್ಟಿ ಬಹಳ ಮುಖ್ಯ. ಮುಂದೆ ನೀವು ಯಾವ ಬದಲಾವಣೆ ಮಾಡಿದರೂ ಇದರೊಳಗೇ ಮಾಡಬೇಕು.

ಪುಸ್ತಕ ಕಳೆದುಹೋಗಿದ್ದರೆ ಎಂಜಿನ್ ಮೇಲಿನ ಆಯಿಲ್ ಕ್ಯಾಪ್ ನೋಡಿ. ಕೆಲವು ಕಾರುಗಳಲ್ಲಿ ಗ್ರೇಡ್ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಕಾರು ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಹುಡುಕುವಾಗ ಕಾರಿನ ಹೆಸರು ಮಾತ್ರ ಸಾಲದು. ಒಂದೇ ಹೆಸರಿನ ಕಾರು ವರ್ಷಗಳು ಕಳೆದಂತೆ ಬೇರೆ ಬೇರೆ ಎಂಜಿನ್‌ನಲ್ಲಿ ಬಂದಿರುತ್ತದೆ. ತಯಾರಾದ ವರ್ಷ, ಎಂಜಿನ್ ಮಾದರಿ ಎರಡೂ ಹೊಂದಬೇಕು.

ಡಬ್ಬಿಯ ಮೇಲಿನ ಅಂಕಿಗಳು

5ಡಬ್ಲ್ಯು-30, 10ಡಬ್ಲ್ಯು-40, 20ಡಬ್ಲ್ಯು-50. ಇವು ಎಸ್‌ಎಇ, ಅಂದರೆ ವಾಹನ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ, ನಿಗದಿ ಮಾಡಿದ ಗ್ರೇಡ್‌ಗಳು. ಡಬ್ಲ್ಯು ಇರುವ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಂಜಿನ್ ತಿರುಗಲು ಆಯಿಲ್ ಎಷ್ಟು ಅಡ್ಡಿ ಮಾಡುತ್ತದೆ ಎಂಬ ಪರೀಕ್ಷೆಯನ್ನು 5ಡಬ್ಲ್ಯು ಆಯಿಲ್‌ಗೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡುತ್ತಾರೆ. 10ಡಬ್ಲ್ಯುಗೆ ಮೈನಸ್ 25, 15ಡಬ್ಲ್ಯುಗೆ ಮೈನಸ್ 20, 20ಡಬ್ಲ್ಯುಗೆ ಮೈನಸ್ 15.

ನಮ್ಮ ಕಡೆ ಅಷ್ಟು ಚಳಿಯೇ ಇಲ್ಲ, ಇದು ನಮಗ್ಯಾಕೆ ಅಂತ ಅನ್ನಿಸಬಹುದು, ಅಲ್ವಾ? ಆದರೂ ಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್‌ನ ಹೆಚ್ಚಿನ ಪಾಲು ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಅದನ್ನು ಎಳೆದು ಮೇಲಿನ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ದಂಡ) ತನಕ ತಲುಪಿಸಬೇಕು. ಅಲ್ಲಿಯವರೆಗೆ ಭಾಗಗಳು ಮೈಗಂಟಿದ ತೆಳು ಪದರದ ಮೇಲೇ ಓಡುತ್ತವೆ. ಎಂಜಿನ್ ತಣ್ಣಗಿದ್ದಾಗ ಎಲ್ಲ ಆಯಿಲ್ ಕೂಡ ದಪ್ಪವಾಗೇ ಇರುತ್ತದೆ. ಇದ್ದುದರಲ್ಲಿ ಬೇಗ ಮೇಲೇರುವುದು ಮೊದಲ ಅಂಕಿ ಕಡಿಮೆ ಇರುವ ಆಯಿಲ್.

ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದನ್ನು ತೋರಿಸುತ್ತದೆ. 30 ಗ್ರೇಡ್ ಅಂದರೆ ಆ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ (ಸೆಂಟಿಸ್ಟೋಕ್ ಅಂದರೆ ದ್ರವದ ದಪ್ಪ ಅಳೆಯುವ ಮಾನ). 40 ಗ್ರೇಡ್ ಅಂದರೆ 12.5ರಿಂದ 16.3. ಇಲ್ಲಿ ಗಮನಿಸಿ: ಒಂದು ಕಂಪನಿಯ ದಪ್ಪನೆಯ 30, ಇನ್ನೊಂದು ಕಂಪನಿಯ ತೆಳ್ಳನೆಯ 40, ಎರಡೂ ಹತ್ತಿರ ಹತ್ತಿರ ಒಂದೇ. ಆಯಿಲ್ ಕಂಪನಿಗಳು ವೆಬ್‌ಸೈಟ್‌ನಲ್ಲಿ ಕೊಡುವ ಡೇಟಾ ಶೀಟ್‌ನಲ್ಲಿ ಈ ಸಂಖ್ಯೆ ನೇರವಾಗಿ ಸಿಗುತ್ತದೆ. ಗ್ರೇಡ್ ಬದಲಿಸದೆ ಸ್ವಲ್ಪ ದಪ್ಪದ ಆಯಿಲ್ ಬೇಕು ಅನ್ನುವವರಿಗೆ ಇದು ತುಂಬಾ ಉಪಯೋಗದ ಮಾಹಿತಿ.

ದರ್ಜೆಯ ಅಕ್ಷರಗಳು

ಡಬ್ಬಿಯ ಹಿಂಬದಿಯಲ್ಲಿ ದುಂಡನೆಯ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತು ಇರುತ್ತದೆ. ಅದರಲ್ಲಿ ಎಸ್ ಅಕ್ಷರದಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಶುರುವಾಗುವುದು ಡೀಸೆಲ್‌ಗೆ. ಪೆಟ್ರೋಲ್‌ನಲ್ಲಿ ಎಸ್‌ಎಲ್ 2001ರಲ್ಲಿ ಬಂತು, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಮ್ಯಾನುಯಲ್ ಎಸ್‌ಎಲ್ ಕೇಳಿದರೆ ಎಸ್‌ಎನ್ ಅಥವಾ ಎಸ್‌ಪಿ ಧೈರ್ಯವಾಗಿ ಹಾಕಿ. ಉಲ್ಟಾ ಮಾಡಬೇಡಿ. ‘ಹಳೇ ಕಾರಿಗೆ ಹಳೇ ದರ್ಜೆ’ ಅಂತ ಎಲ್ಲೋ ಉಳಿದ ಹಳೇ ಸ್ಟಾಕ್ ಹುಡುಕಿ ತರುವ ಅಗತ್ಯ ಇಲ್ಲ.

ಒಂದು ಅಪವಾದ ಇದೆ. 1980ರ ದಶಕಕ್ಕೂ ಹಿಂದಿನ, ಪುಶ್‌ರಾಡ್ (ವಾಲ್ವ್ ತೆರೆಸಲು ತಳ್ಳುವ ಕಡ್ಡಿ) ಇರುವ ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ನೇರವಾಗಿ ಉಜ್ಜಿಕೊಳ್ಳುತ್ತವೆ. ಅವಕ್ಕೆ ಸತು ಮತ್ತು ರಂಜಕ ಇರುವ ಸವೆತ-ತಡೆ ರಾಸಾಯನಿಕ ಜಾಸ್ತಿ ಬೇಕು. ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ ಹೊಸ ದರ್ಜೆಯ 30 ಗ್ರೇಡ್ ಆಯಿಲ್‌ಗಳಲ್ಲಿ ರಂಜಕವನ್ನು ಶೇ 0.08ಕ್ಕೆ ಮಿತಿಗೊಳಿಸಿದ್ದಾರೆ. ಅಂಥ ಕಾರು ನಿಮ್ಮದಾಗಿದ್ದರೆ ಕ್ಲಾಸಿಕ್ ಕಾರುಗಳಿಗೆಂದೇ ಬರುವ ಆಯಿಲ್ ನೋಡಿ.

ಡೀಸೆಲ್ ಸೆಡಾನ್ ಇದ್ದವರು ಸೈಲೆನ್ಸರ್‌ಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆಯೇ ಅಂತ ಮೊದಲು ತಿಳಿದುಕೊಳ್ಳಿ. ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಉದಾಹರಣೆಗೆ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಸಿ3 ದರ್ಜೆ. ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೈಕ್‌ಗೆ ತಂದ ಆಯಿಲ್ ಉಳಿದಿದೆ ಅಂತ ಕಾರಿಗೆ ಸುರಿಯುವುದೂ ಬೇಡ, ಕಾರಿನದ್ದು ಬೈಕ್‌ಗೂ ಬೇಡ. ಬೈಕ್‌ನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಅದರ ಲೆಕ್ಕವೇ ಬೇರೆ.

ಈಗ ನಿಮ್ಮ ಎಂಜಿನ್ ಪರೀಕ್ಷಿಸಿ

ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲಿ. ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಐದರಿಂದ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಪೂರ್ತಿ ಒರೆಸಿ, ಮತ್ತೆ ತಳದ ತನಕ ತೂರಿಸಿ ತೆಗೆಯಿರಿ. ಮೊದಲ ಸಲ ಎಳೆದಾಗ ಕಾಣುವ ಮಟ್ಟ ನಂಬುವಂಥದ್ದಲ್ಲ, ಪೈಪಿನ ಗೋಡೆಗೆ ಹತ್ತಿದ ಆಯಿಲ್ ಕಡ್ಡಿಗೆ ಸವರಿರುತ್ತದೆ. ಎರಡನೇ ಸಲ ಎರಡೂ ಬದಿ ನೋಡಿ. ಮಟ್ಟ ಕಡಿಮೆ ಕಾಣುವ ಬದಿಯೇ ಸರಿ. ಎರಡು ಗುರುತುಗಳ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರ್.

ಮಟ್ಟವನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಪ್ರತಿ 500 ಕಿಲೋಮೀಟರಿಗೆ ಹೀಗೆ ನೋಡಿ ಬರೆಯಿರಿ. 2,000 ಕಿಲೋಮೀಟರ್ ಆಗುವಷ್ಟರಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಕೆಲವು ಕಂಪನಿಗಳ ಮ್ಯಾನುಯಲ್‌ನಲ್ಲಿ ಸಾವಿರ ಕಿಲೋಮೀಟರಿಗೆ ಒಂದು ಲೀಟರ್‌ವರೆಗೆ ಖರ್ಚಾದರೂ ಸಹಜ ಎಂದಿರುತ್ತದೆ. ನನ್ನ ಪ್ರಕಾರ ಅದು ತೀರಾ ಸಡಿಲ ಲೆಕ್ಕ. 5,000 ಕಿಲೋಮೀಟರಿಗೆ ಅರ್ಧ ಲೀಟರ್ ಒಳಗಿದ್ದರೆ ಎಂಜಿನ್ ಚೆನ್ನಾಗಿದೆ ಅಂತಲೇ ತಿಳಿಯಿರಿ. 2,000ಕ್ಕೆ ಒಂದು ಲೀಟರ್ ಹೋಗುತ್ತಿದ್ದರೆ ಕಾರಣ ಹುಡುಕಬೇಕು.

ಬಣ್ಣ ನೋಡಿ ಗಾಬರಿಯಾಗಬೇಡಿ. ಆಯಿಲ್ ಕಪ್ಪಾಯಿತು ಅಂದರೆ ಮಸಿಯನ್ನು ತನ್ನೊಳಗೆ ಎಳೆದುಕೊಂಡು ಕೆಲಸ ಮಾಡುತ್ತಿದೆ ಅಂತ. ಡೀಸೆಲ್‌ನಲ್ಲಂತೂ ಬದಲಿಸಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಹೆದರಬೇಕಾದ್ದು ಕಡ್ಡಿಯ ಮೇಲಿನ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡಾಗ. ಕೂಲಂಟ್ ಒಳಗೆ ಸೇರುತ್ತಿರುವ ಸೂಚನೆ ಅದು. ಮಟ್ಟ ಇಳಿಯುವ ಬದಲು ಏರುತ್ತಿದ್ದರೂ ಹುಷಾರು. ಇಂಧನವೋ ಕೂಲಂಟೋ ಆಯಿಲ್‌ಗೆ ಬೆರೆಯುತ್ತಿರಬಹುದು. ಇವಕ್ಕೆಲ್ಲ ಯಾವ ಗ್ರೇಡ್ ಹಾಕಿದರೂ ಪರಿಹಾರ ಸಿಗುವುದಿಲ್ಲ.

ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಹೋಗುತ್ತಿರುವ ದಾರಿ ಎರಡೇ: ಸೋರುವುದು ಅಥವಾ ಉರಿದುಹೋಗುವುದು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಕಲೆ ಇದೆಯೇ ನೋಡಿ. ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಸುತ್ತ ಒದ್ದೆ ಧೂಳು ಅಂಟಿದ್ದರೆ ಅಲ್ಲಿನ ಗ್ಯಾಸ್ಕೆಟ್ ಗಟ್ಟಿಯಾಗಿದೆ. ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್‌ಗಳ ಮೇಲೆ ಅನುಮಾನ. ಓಡುವಾಗ ಆಕ್ಸಿಲರೇಟರ್ ಒತ್ತಿದಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್‌ಗಳ ಮೇಲೆ ಅನುಮಾನ.

ಇದಕ್ಕೂ ಮೊದಲು ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪುಟ್ಟ ಭಾಗ ಅದು. ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಾಗಿ ಸೀಲ್‌ಗಳಿಂದ ಆಯಿಲ್ ಹೊರಬರುತ್ತದೆ. ತೆರೆದೇ ಸಿಕ್ಕಿಕೊಂಡರೆ ಆಯಿಲ್ ಇನ್‌ಟೇಕ್‌ಗೆ ಹೋಗಿ ಉರಿಯುತ್ತದೆ. ಅಷ್ಟು ಸಣ್ಣ ಭಾಗ ನೋಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ದಪ್ಪ ಆಯಿಲ್ ಯಾವಾಗ?

ಖರ್ಚು ಕಡಿಮೆ ಇದ್ದರೆ ಉತ್ತರ ಸುಲಭ. ಇಷ್ಟು ದಿನ ಹಾಕಿದ ಗ್ರೇಡ್ ಮುಂದುವರಿಸಿ, ಎಷ್ಟೇ ಕಿಲೋಮೀಟರ್ ಆಗಿರಲಿ.

ಸೋರಿಕೆ ಸರಿಪಡಿಸಿ, ಪಿಸಿವಿ ನೋಡಿಸಿದ ಮೇಲೂ ಆಯಿಲ್ ಉರಿಯುತ್ತಿದ್ದರೆ, ಮ್ಯಾನುಯಲ್‌ನ ಪಟ್ಟಿ ಒಪ್ಪಿದರೆ, ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿ. 5ಡಬ್ಲ್ಯು-30 ಇದ್ದದ್ದು 5ಡಬ್ಲ್ಯು-40 ಆಗಬಹುದು. ಬಿಸಿಲ ಊರಾದರೆ 10ಡಬ್ಲ್ಯು-40 ಕೂಡ ನಡೆಯುತ್ತದೆ. ಅಲ್ಲಿಂದ ನೇರವಾಗಿ 20ಡಬ್ಲ್ಯು-50ಗೆ ಹಾರುವುದನ್ನು ನಾನು ಒಪ್ಪುವುದಿಲ್ಲ. ವಾಲ್ವ್ ಟೈಮಿಂಗ್ ತಾನೇ ಬದಲಿಸುವ ವ್ಯವಸ್ಥೆ ಇರುವ ಎಂಜಿನ್‌ನಲ್ಲಿ ಆಯಿಲ್ ಸಣ್ಣ ರಂಧ್ರಗಳ ಮೂಲಕ ಹರಿದು ಕೆಲಸ ಮಾಡಿಸಬೇಕು. ಅತಿ ದಪ್ಪ ಆಯಿಲ್ ಅಲ್ಲಿ ತಡಮಾಡುತ್ತದೆ. ಮೈಲೇಜ್ ಇಳಿಯುತ್ತದೆ, ಬೆಳಗಿನ ಸ್ಟಾರ್ಟ್‌ನಲ್ಲಿ ಟಕಟಕ ಸದ್ದು ಹೆಚ್ಚು ಹೊತ್ತು ಕೇಳುತ್ತದೆ. ಮೊದಲಿನಿಂದಲೂ ಕಂಪನಿಯೇ 20ಡಬ್ಲ್ಯು-50 ಹೇಳಿದ ಹಳೇ ವಿನ್ಯಾಸದ ಎಂಜಿನ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸಿ ಮಾರಿದ ಕಾರುಗಳೂ ಇವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಒಮ್ಮೆ ಸರಿಯಾದ ಗ್ರೇಡ್ ಹಾಕಿಸಿ ಎಂಜಿನ್ ಸದ್ದು ಕೇಳಬೇಕು. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಕೆಂಪು ಆಯಿಲ್ ದೀಪ ಮಿಣುಕಿದರೆ ಕೂಡಲೇ ಎಂಜಿನ್ ಆಫ್ ಮಾಡಿ ಮಟ್ಟ ನೋಡಿ. ಮಟ್ಟ ಸರಿ ಇದ್ದರೆ ಗೇಜ್ ಹಾಕಿ ಒತ್ತಡ ಅಳೆಸಿ.

ಸಿಂಥೆಟಿಕ್ಕೋ ಮಿನರಲ್ಲೋ?

ಕಚ್ಚಾ ತೈಲ ಶುದ್ಧೀಕರಿಸಿ ತೆಗೆದದ್ದು ಮಿನರಲ್, ರಾಸಾಯನಿಕ ಪ್ರಕ್ರಿಯೆಯಿಂದ ತಯಾರಾದದ್ದು ಸಿಂಥೆಟಿಕ್, ಎರಡೂ ಬೆರೆತದ್ದು ಸೆಮಿ ಸಿಂಥೆಟಿಕ್. ಸಿಂಥೆಟಿಕ್ ಹಾಕಿದರೆ ಹಳೇ ಎಂಜಿನ್ ಸೋರುತ್ತದೆ ಎಂಬ ಭಯ ಇನ್ನೂ ಇದೆ. ಮೊದಲ ಕಾಲದ ಕೆಲವು ಸಿಂಥೆಟಿಕ್‌ಗಳು ರಬ್ಬರ್ ಸೀಲ್‌ಗಳಿಗೆ ಹೊಂದುತ್ತಿರಲಿಲ್ಲ. ಈಗಿನವುಗಳಲ್ಲಿ ಆ ತೊಂದರೆ ಇಲ್ಲ. ಆದರೆ ವರ್ಷಗಟ್ಟಲೆ ಜಿಡ್ಡು ಕಟ್ಟಿ ಮುಚ್ಚಿಕೊಂಡಿದ್ದ ಬಿರುಕು, ಜಿಡ್ಡು ಕರಗಿದಾಗ ಬಯಲಾಗಬಹುದು. ಸೀಲ್ ಮೊದಲೇ ಹೋಗಿತ್ತು, ಈಗ ಗೊತ್ತಾಯಿತು ಅಷ್ಟೆ.

ಸಿಂಥೆಟಿಕ್ ಬಿಸಿಗೆ ಚೆನ್ನಾಗಿ ತಡೆಯುತ್ತದೆ, ಆವಿಯಾಗುವುದು ಕಡಿಮೆ, ಚಳಿಯಲ್ಲಿ ಬೇಗ ಹರಿಯುತ್ತದೆ. ಆಯಿಲ್ ಉಳಿಸಿಕೊಳ್ಳುವ ಎಂಜಿನ್‌ಗೆ ಅದು ಒಳ್ಳೆಯ ಆಯ್ಕೆ. ಪದೇ ಪದೇ ಟಾಪ್‌ಅಪ್ ಕೇಳುವ ಎಂಜಿನ್‌ಗೆ ಅದೇ ದರ್ಜೆಯ ಸೆಮಿ ಸಿಂಥೆಟಿಕ್ ಸಾಕು. ‘ಹೈ ಮೈಲೇಜ್’ ಎಂದು ಬರೆದ ಆಯಿಲ್‌ಗಳಲ್ಲಿ ಗಟ್ಟಿಯಾದ ಸೀಲ್‌ಗಳನ್ನು ಮೆತ್ತಗಾಗಿಸುವ ಅಂಶ ಇರುತ್ತದೆ. ಸಣ್ಣಗೆ ಜಿನುಗುವ ಎಂಜಿನ್‌ನಲ್ಲಿ ಪ್ರಯತ್ನಿಸಬಹುದು, ಒಡೆದ ಸೀಲ್ ಮಾತ್ರ ಅದರಿಂದ ಕೂಡುವುದಿಲ್ಲ. ಯಾವುದೇ ಹಾಕಿ, ಸಮಯಕ್ಕೆ ಬದಲಿಸಿ. ಟ್ರಾಫಿಕ್‌ನಲ್ಲೇ ಓಡುವ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಹೋಗುವ ಕಾರಿಗೆ ಮ್ಯಾನುಯಲ್‌ನಲ್ಲಿ ಕಠಿಣ ಬಳಕೆಯ ಕಡಿಮೆ ಅವಧಿ ಬೇರೆಯೇ ಬರೆದಿರುತ್ತದೆ. ಅದನ್ನು ಅನುಸರಿಸಿ.

ಆಯಿಲ್‌ಗೆ ಬೆರೆಸುವ ಬೇರೆ ದ್ರವಗಳ ಬಾಟಲಿ ಕೊಳ್ಳಬೇಡಿ. ಒಳ್ಳೇ ಆಯಿಲ್‌ನಲ್ಲಿ ಬೇಕಾದ ರಾಸಾಯನಿಕಗಳೆಲ್ಲ ಅಳತೆಯಲ್ಲೇ ಇರುತ್ತವೆ. ಬಹಳ ಕಾಲ ಸರ್ವೀಸ್ ಕಾಣದ ಎಂಜಿನ್‌ಗೆ ಫ್ಲಶ್ (ಒಳಗಿನ ಜಿಡ್ಡು ತೊಳೆಯುವ ದ್ರವ) ಕೂಡ ಬೇಡ. ಒಮ್ಮೆಲೇ ಕಳಚಿದ ಜಿಡ್ಡು ಪಂಪ್‌ನ ಜರಡಿಗೆ ಸಿಕ್ಕಿದರೆ ಎಂಜಿನ್ನೇ ಹೋದೀತು. ಬದಲಿಗೆ ಎರಡು ಮೂರು ಸಲ ಬೇಗ ಬೇಗ ಆಯಿಲ್, ಫಿಲ್ಟರ್ ಬದಲಿಸಿ, ನಿಧಾನಕ್ಕೆ ಶುದ್ಧವಾಗಲಿ.

ಬದಲಿಸುವ ದಿನ

ಡಬ್ಬಿಯ ಸೀಲ್ ನಿಮ್ಮ ಎದುರಿಗೇ ಒಡೆಯಲಿ. ಫಿಲ್ಟರ್ ಹೊಸದು ಹಾಕಿಸಿ, ಡ್ರೈನ್ ಬೋಲ್ಟ್‌ನ ವಾಷರ್ ಕೂಡ. ಹೇಳಿದ ಲೀಟರ್ ಪೂರ್ತಿ ಒಮ್ಮೆಗೇ ಸುರಿಯುವುದು ಬೇಡ. ಅರ್ಧ ಲೀಟರ್ ಉಳಿಸಿಕೊಂಡು, ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿಕೊಂಡು ಮೇಲಿನ ಗುರುತಿನ ತನಕ ತುಂಬಿಸಿ. ಗುರುತು ದಾಟಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಾದ ಆಯಿಲ್ ಲೋಹವನ್ನು ಕಾಯುವುದಿಲ್ಲ.

ಉಳಿದದ್ದನ್ನು ಮುಚ್ಚಳ ಬಿಗಿದು ಡಿಕ್ಕಿಯಲ್ಲಿಡಿ, ಟಾಪ್‌ಅಪ್‌ಗೆ ಅದೇ ಬೇಕಾಗುತ್ತದೆ. ತೆಗೆದ ಹಳೇ ಆಯಿಲ್ ಚರಂಡಿಗೂ ಮಣ್ಣಿಗೂ ಹೋಗಬಾರದು. ಡಬ್ಬಿಗೆ ತುಂಬಿ, ಮರುಬಳಕೆಗೆ ಕಳಿಸುವ ಗ್ಯಾರೇಜ್‌ಗೆ ಕೊಡಿ.