ಗಲಾಟೆ ಕಾಲದಲ್ಲಿ ಪುಸ್ತಕ ಓದುವ ಬಗೆ

ಚುನಾವಣೆ ಹತ್ತಿರ ಬಂದಾಗ, ಕಾವೇರಿ ಗಲಾಟೆ ಶುರುವಾದಾಗ, ಊರಲ್ಲಿ ಎರಡು ಗುಂಪು ಮುಖ ತಿರುಗಿಸಿಕೊಂಡು ಓಡಾಡುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಏನಾದರೂ ಓದಬೇಕು ಅನ್ನಿಸುತ್ತದೆ. ಒಳ್ಳೆಯದೇ. ಆದರೆ ಮೈಸೂರಿನ ಪುಸ್ತಕದಂಗಡಿಗಳಲ್ಲಿ ನಾನು ನೋಡುವುದು ಹೀಗೆ: ಟಿ.ವಿ. ಚರ್ಚೆ ನೋಡಿ ತಲೆ ಬಿಸಿ ಮಾಡಿಕೊಂಡು ಬರುತ್ತಾರೆ. ಇಟ್ಟಿಗೆಯಂಥ ನಾಲ್ಕು ಪುಸ್ತಕ ಹೊತ್ತುಕೊಂಡು ಹೋಗುತ್ತಾರೆ. ಮೊದಲನೆಯದರ ಮುನ್ನುಡಿಯನ್ನೂ ದಾಟುವುದಿಲ್ಲ. ಇನ್ನು ಕೆಲವರು ಪೂರ್ತಿ ಓದುತ್ತಾರೆ, ಆದರೆ ತಮಗೆ ಮೊದಲೇ ಒಪ್ಪಿಗೆಯಿದ್ದ ಮಾತು ಬಂದಲ್ಲೆಲ್ಲ ಗೆರೆ ಎಳೆದು ಮುಚ್ಚಿಡುತ್ತಾರೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಪ್ರಶ್ನೆ ಇಲ್ಲದೆ ಪುಸ್ತಕ ತಂದರು.

1. ಪ್ರಶ್ನೆ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಮಾಡಿ. ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮನ್ನು ಕಾಡುತ್ತಿರುವ ವಿಷಯವನ್ನು ಪ್ರಶ್ನೆಯಾಗಿ ಬರೆಯಿರಿ. ‘ದೇಶ ಎಲ್ಲಿಗೆ ಹೋಗ್ತಿದೆ?’ ಅಂತ ಬರೆದರೆ ಅದು ಬರೀ ನಿಟ್ಟುಸಿರು. ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇಲ್ಲ. ‘ಯಾವಾಗಲೂ ನಮಗೇ ಯಾಕೆ ಅನ್ಯಾಯ?’ ಅಂತ ಬರೆದರೆ ಉತ್ತರ ಒಳಗೇ ಕೂತಿದೆ. ಓದುವ ಅಗತ್ಯವೇ ಇಲ್ಲ.

ಮಂಡ್ಯದವರಿಗೆ ಅರ್ಥವಾಗುವ ಉದಾಹರಣೆ ಕೊಡುತ್ತೇನೆ. ಮೊದಲಿಗೆ ಬಾಯಿಗೆ ಬರುವ ಪ್ರಶ್ನೆ ‘ನಮ್ಮ ನೀರು ನಾವ್ಯಾಕೆ ಬಿಡಬೇಕು?’ ಅದರ ಕೆಳಗೆ ಮೂರು ಪ್ರಶ್ನೆ ಬರೆಯಿರಿ: ಯಾವ ಕಾಗದದಲ್ಲಿ ಬರೆದಿದೆ? ಯಾವ ವರ್ಷ? ತೀರ್ಮಾನ ಮಾಡಿದವರು ಯಾರು? ಆಗ ವಿಷಯ ಬಿಡಿಬಿಡಿಯಾಗುತ್ತದೆ. 1892 ಮತ್ತು 1924ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ ಆದ ಒಪ್ಪಂದಗಳಿವೆ. ಈ ಜಗಳ ಬಗೆಹರಿಸಲು 1990ರಲ್ಲಿ ಬಂದ ನ್ಯಾಯಮಂಡಳಿ ಇದೆ. 2007ರ ಅದರ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ನೀರು ಕೊಟ್ಟಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು.

ಆದರೆ ಹೆದ್ದಾರಿ ಬಂದ್ ಆಗುವುದು ಮಳೆ ಕೈಕೊಟ್ಟ ವರ್ಷ ಅಲ್ವಾ? ಅಂಥ ವರ್ಷ ಎಲ್ಲ ರಾಜ್ಯಗಳ ಪಾಲನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು ಅಂತ 2007ರ ತೀರ್ಪು ಹೇಳುತ್ತದೆ. ಈಗ ಪ್ರಶ್ನೆ ತಿದ್ದಿ: ‘ಮಳೆ ಕಡಿಮೆಯಾದ ವರ್ಷ ಯಾರಿಗೆ ಎಷ್ಟು ಅಂತ ಯಾರು, ಯಾವ ಲೆಕ್ಕದಲ್ಲಿ ಹೇಳುತ್ತಾರೆ?’ ಇದನ್ನು ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋಗಬಹುದು.

ಪ್ರಶ್ನೆಯೊಳಗಿನ ಪದಗಳನ್ನೂ ಒಮ್ಮೆ ನೋಡಿಕೊಳ್ಳಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತದೆ ಅನ್ನುವ ಲೆಕ್ಕ. 5,000 ಕ್ಯೂಸೆಕ್‌ನಂತೆ 15 ದಿನ ಬಿಟ್ಟರೆ ಸುಮಾರು 6.5 ಟಿಎಂಸಿ. ತುಂಬಿದ ಕನ್ನಂಬಾಡಿಯಲ್ಲಿ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆಯಲ್ಲಿ, ಇರುವುದು 49 ಟಿಎಂಸಿ ಚಿಲ್ಲರೆ. ಟಿಎಂಸಿ, ಕ್ಯೂಸೆಕ್ ಎರಡನ್ನೂ ಕಲಸಿಕೊಂಡು ಗಂಟಲು ಹರಿದುಕೊಳ್ಳುವವರನ್ನು ಟೀ ಅಂಗಡಿಯಲ್ಲಿ ಬೇಕಾದಷ್ಟು ಜನ ನೋಡಬಹುದು.

ಪ್ರಶ್ನೆ ಸರಿಯಾಗಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಸಿಗುವ ಉತ್ತರ ನಿಮಗೆ ಇಷ್ಟವಾಗದೆ ಹೋಗುವ ಸಾಧ್ಯತೆ ಇರಬೇಕು. ಇಲ್ಲದಿದ್ದರೆ ಮತ್ತೆ ಬರೆಯಿರಿ.

2. ಪುಸ್ತಕ ಹುಡುಕಿ

ಮೊದಲು ಗ್ರಂಥಾಲಯ, ಆಮೇಲೆ ಅಂಗಡಿ. 1965ರ ಕಾಯ್ದೆಯಂತೆ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತಿದ್ದೀರಿ. ದುಡ್ಡು ಕಟ್ಟಿ ಒಳಗೆ ಕಾಲಿಡದಿದ್ದರೆ ಹೇಗೆ?

ಪುಸ್ತಕ ಕೈಗೆ ಬಂದ ಕೂಡಲೇ ಮುದ್ರಣದ ವಿವರ ಇರುವ ಪುಟ ತೆಗೆಯಿರಿ. ಮೊದಲ ಮುದ್ರಣ ಯಾವ ವರ್ಷ? ಹೊಳೆಯುವ ಹೊಸ ರಕ್ಷಾಪುಟದ ಒಳಗೆ 1985ರ ಬರಹ ಇರಬಹುದು. ಅದರಲ್ಲಿ ನ್ಯಾಯಮಂಡಳಿಯ ಸುದ್ದಿಯೇ ಇರುವುದಿಲ್ಲ. ಹಾಗಂತ ಎಸೆಯಬೇಡಿ. ಆ ಕಾಲದವರು ಏನು ಅಂದುಕೊಂಡಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ.

ಇಂಗ್ಲಿಷ್ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುತ್ತದೆ. ಕನ್ನಡ ಪ್ರಕಾಶಕರು ಹೆಚ್ಚಿನವರು ಆ ಗೋಜಿಗೇ ಹೋಗುವುದಿಲ್ಲ. ಇದು ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ನೀವೇ ಮಾಡಿಕೊಳ್ಳಿ. ಸ್ವಂತ ಪುಸ್ತಕವಾದರೆ ಕೊನೆಯ ಖಾಲಿ ಪುಟದಲ್ಲಿ, ಗ್ರಂಥಾಲಯದ್ದಾದರೆ ಒಂದು ಚೀಟಿಯಲ್ಲಿ, ವಿಷಯ ಮತ್ತು ಪುಟಸಂಖ್ಯೆ ಅಷ್ಟೇ. ಪೆನ್ಸಿಲ್ ಸಾಕು. ಬಣ್ಣದ ಹೈಲೈಟರ್ ಬೇಡವೇ ಬೇಡ. ನಮ್ಮ ತೆಳು ಕಾಗದದಲ್ಲಿ ಅದು ಹಿಂಬದಿಗೆ ಇಳಿಯುತ್ತದೆ. ಅಂಟಿಸುವ ಬಣ್ಣದ ಚೀಟಿಗಳೂ ಹಳೆ ಪುಸ್ತಕದ ಹಾಳೆ ಕಿತ್ತುಕೊಂಡೇ ಬರುತ್ತವೆ.

‘ಹತ್ತು ನಿಮಿಷದಲ್ಲಿ ಇಡೀ ಪುಸ್ತಕ’ ಅನ್ನುವ ವಿಡಿಯೋಗಳು ಸುಮ್ನೆ ಕಾಲಹರಣ. ಅದರಲ್ಲಿ ತೀರ್ಮಾನ ಮಾತ್ರ ಸಿಗುತ್ತದೆ, ಆಧಾರ ಸಿಗುವುದಿಲ್ಲ. ನಿಮಗೆ ಬೇಕಿದ್ದದ್ದು ಆಧಾರ.

3. ಓದಿ

ಬೆಳಿಗ್ಗೆ ಓದಿ, ಪತ್ರಿಕೆ ಬಿಡಿಸುವುದಕ್ಕೂ ಮುಂಚೆ. ಫೋನು ಬೇರೆ ಕೋಣೆಯಲ್ಲಿರಲಿ. ರಾತ್ರಿ ಸುದ್ದಿ ನೋಡಿ ಆಮೇಲೆ ಓದಿದರೆ ಪ್ರತಿ ಸಾಲಿನಲ್ಲೂ ಆ ನಿರೂಪಕರ ದನಿಯೇ ಕೇಳುತ್ತದೆ.

4. ಒಪ್ಪದ ಪುಸ್ತಕ ಒಂದಿರಲಿ

ಎದುರು ಪಕ್ಷದ ಕಡೆಯಿಂದ ಬಾಯಿಹರುಕರೊಬ್ಬರನ್ನು ಆರಿಸಿಕೊಂಡು, ಓದಿ, ನಕ್ಕು, ‘ನೋಡಿದ್ರಾ’ ಅನ್ನುವುದು ಮೋಸ. ಆ ಕಡೆಯ ಬುದ್ಧಿವಂತರನ್ನು ಹುಡುಕಿ. ಮೀಸಲಾತಿ ವಿಷಯ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಯಿತು. ಆಗಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಆ ನೀತಿಯ ಪರ ನಿಂತರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಮಂಡ್ಯದ ಎಷ್ಟೋ ಮನೆಗಳಲ್ಲಿ ಇಬ್ಬರ ಫೋಟೊಗಳೂ ಅಕ್ಕಪಕ್ಕ ಇವೆ. ಕನ್ನಂಬಾಡಿ ಕಟ್ಟೆಯ ಜೊತೆ ಇಬ್ಬರ ಹೆಸರೂ ಸೇರಿಕೊಂಡಿದೆ. ಇಬ್ಬರ ವಾದವನ್ನೂ ಓದಿ, ಒಬ್ಬೊಬ್ಬರದ್ದನ್ನೂ ನಾಲ್ಕು ಸಾಲಲ್ಲಿ ಬರೆಯಿರಿ. ಅವರೇ ಓದಿದರೂ ‘ಹೌದು, ನಾನು ಹೇಳಿದ್ದು ಇದೇ’ ಅನ್ನುವಂತಿರಬೇಕು. ಬರೆಯಲು ಆಗಲಿಲ್ಲ ಅಂದರೆ ಇನ್ನೊಮ್ಮೆ ಓದಬೇಕು.

ಕಾವೇರಿಯ ಮಟ್ಟಿಗೆ ಈ ಕೆಲಸ ಸುಲಭ. 2018ರ ತೀರ್ಪಿನಲ್ಲೇ ಎರಡೂ ರಾಜ್ಯಗಳ ವಾದ ಇದೆ. ಭಾಷೆ ಕಷ್ಟ ಅನ್ನಿಸಿದರೆ ಪರಿಚಯದ ವಕೀಲರ ಜೊತೆ ಕೂತು ಬೇಕಾದ ಭಾಗ ಮಾತ್ರ ಓದಿ.

5. ಮಾತಾಡಿ

ಮೂರ್ನಾಲ್ಕು ಜನ ಸೇರಿದರೆ ಸಾಕು. ಪುಟಸಂಖ್ಯೆ ಹೇಳದೆ ಯಾರೂ ವಾದ ಮಾಡಬಾರದು ಅಂತ ಮೊದಲೇ ಹೇಳಿಬಿಡಿ. ಪುಸ್ತಕ ಓದದೆ ಬಂದವರಿಗೆ ಕಾಫಿ ಕೊಡಿ, ಮಾತಿನ ಸರದಿ ಬೇಡ.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಉಳಿದ ಪುಟ ಓದಲೇಬೇಕು ಅಂತೇನಿಲ್ಲ. ಗ್ರಂಥಾಲಯದ ಪುಸ್ತಕವಾದರೆ ವಾಯಿದೆಗೆ ಮುಂಚೆಯೇ ವಾಪಸ್ ಕೊಡಿ. ಗಲಾಟೆ ಜಾಸ್ತಿಯಿರುವಾಗ ಅದೇ ಪುಸ್ತಕ ಕೇಳಿಕೊಂಡು ಇನ್ನೊಬ್ಬರು ಬಂದೇ ಬರುತ್ತಾರೆ.